ಹೃದಯ ನಿಲ್ಲಿಸಿ ಮತ್ತೆ ಬಡಿಸುವ ಪ್ರಯೋಗಗಳು: ಯಾವ ಪ್ರಶ್ನೆಗೆ ಯಾವ ಮಾದರಿ?

ನಿಂತ ಹೃದಯ ಮತ್ತೆ ಬಡಿಯತೊಡಗಿದರೆ ಗಂಡಾಂತರ ಕಳೆಯಿತು ಅನ್ನಿಸುತ್ತದೆ. ಆದರೆ ಹಾಗೆ ಬದುಕಿ ಆಸ್ಪತ್ರೆ ಸೇರಿದವರಲ್ಲೂ ಬಹಳ ಜನ ಮುಂದಿನ ಕೆಲವೇ ದಿನಗಳಲ್ಲಿ ತೀರಿಕೊಳ್ಳುತ್ತಾರೆ. ರಕ್ತ ಸಿಗದೆ ಬಳಲಿದ ಅಂಗಗಳಿಗೆ ರಕ್ತ ವಾಪಸ್ ಬಂದ ಗಳಿಗೆಯಿಂದಲೇ ಇನ್ನೊಂದು ಸುತ್ತಿನ ಹಾನಿ ಶುರುವಾಗುತ್ತದೆ. 1972ರಲ್ಲಿ ಸೋವಿಯತ್ ಒಕ್ಕೂಟದ ವೈದ್ಯ ವ್ಲಾದಿಮಿರ್ ನೆಗೊವ್ಸ್ಕಿ ಇದನ್ನು ಒಂದು ಪ್ರತ್ಯೇಕ ಕಾಯಿಲೆ ಎಂದೇ ಕರೆದರು. 2008ರಲ್ಲಿ ಇಲ್ಕಾರ್ ಎಂಬ ಅಂತರರಾಷ್ಟ್ರೀಯ ತಜ್ಞರ ಸಮಿತಿ ಅದರಲ್ಲಿ ನಾಲ್ಕು ಭಾಗಗಳನ್ನು ಗುರುತಿಸಿತು: ಮಿದುಳಿನ ಹಾನಿ, ಹೃದಯದ ದುರ್ಬಲತೆ, ಇಡೀ ಮೈಯಲ್ಲಿ ಏಳುವ ಉರಿಯೂತ, ಮತ್ತು ಹೃದಯ ನಿಲ್ಲಲು ಕಾರಣವಾದ ಮೂಲ ಕಾಯಿಲೆ.

ಈ ಬರಹ ಇರುವುದು ಎರಡನೆಯ ಮತ್ತು ಮೂರನೆಯ ಭಾಗದ ಬಗ್ಗೆ. ಹೃದಯದ ಅಂಗಾಂಶಕ್ಕೆ ಎಷ್ಟು ಪೆಟ್ಟಾಯಿತು, ಅಲ್ಲಿ ಎಷ್ಟು ಉರಿಯೂತ ಎದ್ದಿತು ಅಂತ ಪ್ರಾಣಿಗಳಲ್ಲಿ ಅಳೆಯಲು ಹೊರಟವರಿಗೆ ಆಯ್ಕೆಗಳು ಹಲವು. ಇಂಥ ಸಂಶೋಧನಾ ಲೇಖನ ಓದಿ ಅದನ್ನು ಎಷ್ಟು ನಂಬಬೇಕು ಎಂದು ತೂಗುವವರಿಗೂ ಈ ಹೋಲಿಕೆ ಬೇಕಾಗುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಮೊದಲು ಪ್ರಾಣಿಯನ್ನು ಆರಿಸುತ್ತಾರೆ. ಹೃದಯವೇ ನಿಮ್ಮ ವಿಷಯವಾದರೆ ಮೊದಲು ಆರಿಸಬೇಕಾದದ್ದು ಅದನ್ನು ನಿಲ್ಲಿಸುವ ವಿಧಾನ.

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ

ಹೃದಯದ ಒಂದು ರಕ್ತನಾಳಕ್ಕೆ ದಾರ ಕಟ್ಟಿ, ಸ್ವಲ್ಪ ಹೊತ್ತಿನ ಮೇಲೆ ಬಿಚ್ಚುವ ಪ್ರಯೋಗ ಬಹಳ ಲ್ಯಾಬ್‌ಗಳಲ್ಲಿ ರೂಢಿಯಲ್ಲಿದೆ. ಅದು ಹೃದಯಾಘಾತದ ಮಾದರಿ. ಅಲ್ಲಿ ಒಂದು ಭಾಗ ಮಾತ್ರ ಸಾಯುತ್ತದೆ, ಉಳಿದ ಹೃದಯ ಕೆಲಸ ಮಾಡುತ್ತಲೇ ಇರುತ್ತದೆ, ಮಿದುಳು, ಕರುಳು, ಕಿಡ್ನಿಗಳಿಗೆ ರಕ್ತ ಹೋಗುತ್ತಲೇ ಇರುತ್ತದೆ. ಸ್ತಂಭನದಲ್ಲಿ ಹಾಗಲ್ಲ. ಇಡೀ ಹೃದಯಕ್ಕೆ, ಇಡೀ ಮೈಗೆ ಒಟ್ಟಿಗೇ ರಕ್ತ ನಿಲ್ಲುತ್ತದೆ. ಹೃದಯದ ಹಾನಿ ಒಂದು ಕಡೆ ಗುಂಪಾಗಿ ಕಾಣದೆ ಅಲ್ಲಲ್ಲಿ ಚದುರಿರುತ್ತದೆ. ಉರಿಯೂತಕ್ಕೆ ಕರುಳು, ಲಿವರ್, ಶ್ವಾಸಕೋಶ ಎಲ್ಲವೂ ತಮ್ಮ ಪಾಲು ಸೇರಿಸುತ್ತವೆ. ಹಾಗಾಗಿ ದಾರ ಕಟ್ಟುವ ಮಾದರಿಯ ಫಲಿತಾಂಶವನ್ನು ತಂದು ಇಲ್ಲಿ ಅಂಟಿಸುವಂತಿಲ್ಲ.

ಇನ್ನೊಂದು ಆಯ್ಕೆ ಲ್ಯಾಂಗೆಂಡಾರ್ಫ್ ವಿಧಾನ. ಆಸ್ಕರ್ ಲ್ಯಾಂಗೆಂಡಾರ್ಫ್ 1895ರಲ್ಲಿ ತೋರಿಸಿಕೊಟ್ಟದ್ದು. ಹೃದಯವನ್ನು ಹೊರತೆಗೆದು, ಲವಣದ ದ್ರಾವಣ ಹರಿಸಿ ಬಡಿಸುತ್ತಾರೆ, ಹರಿವು ನಿಲ್ಲಿಸಿ ಮತ್ತೆ ಬಿಡುತ್ತಾರೆ. ಹೃದಯದ ಸ್ನಾಯುವಿನೊಳಗೆ ಆಗುವುದನ್ನು ಮಾತ್ರ ನೋಡಲು ಇದಕ್ಕಿಂತ ಶುದ್ಧವಾದ ವಿಧಾನ ಇಲ್ಲ. ಆದರೆ ಅಲ್ಲಿ ರಕ್ತವೂ ಇಲ್ಲ, ಬಿಳಿ ರಕ್ತಕಣಗಳೂ ಇಲ್ಲ. ಉರಿಯೂತ ನಿಮ್ಮ ಪ್ರಶ್ನೆಯಾಗಿದ್ದರೆ ಇದು ಸಾಲದು.

ನಿಲ್ಲಿಸುವ ಮೂರು ದಾರಿಗಳು

ಸುಲಭದ್ದು ಪೊಟ್ಯಾಸಿಯಂ ಕ್ಲೋರೈಡ್. ಅರಿವಳಿಕೆಯಲ್ಲಿರುವ ಪುಟ್ಟ ಇಲಿಯ ರಕ್ತನಾಳಕ್ಕೆ ಅದನ್ನು ಕೊಟ್ಟರೆ ಕೆಲವೇ ಸೆಕೆಂಡುಗಳಲ್ಲಿ ಇಸಿಜಿ ಗೆರೆ ನೇರವಾಗುತ್ತದೆ. 8ರಿಂದ 10 ನಿಮಿಷ ಬಿಟ್ಟು, ಬೆರಳಿನಿಂದ ನಿಮಿಷಕ್ಕೆ ಸುಮಾರು 300 ಸಲ ಎದೆ ಒತ್ತಿ, ಅಡ್ರಿನಾಲಿನ್ ಕೊಟ್ಟರೆ ಹೃದಯ ಮತ್ತೆ ಹೊರಡುತ್ತದೆ. ವಿದ್ಯುತ್ ಬೇಕಿಲ್ಲ, ದೊಡ್ಡ ಸಲಕರಣೆ ಬೇಕಿಲ್ಲ, ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸಮಯದಲ್ಲಿ ಏರುಪೇರು ಕಮ್ಮಿ. ಮಿದುಳಿನ ಮೇಲೆ ಕೆಲಸ ಮಾಡುವವರಿಗೆ ಇದು ಅಚ್ಚುಮೆಚ್ಚು, ಅದು ಸರಿಯೇ.

ಹೃದಯದ ವಿಷಯಕ್ಕೆ ಬಂದಾಗ ಇಲ್ಲೊಂದು ತೊಡಕಿದೆ. ಪೊಟ್ಯಾಸಿಯಂ ಹೃದಯವನ್ನು ಸಡಿಲ ಸ್ಥಿತಿಯಲ್ಲಿ ನಿಲ್ಲಿಸುತ್ತದೆ. ಸ್ನಾಯು ಕುಗ್ಗುವುದಿಲ್ಲ, ಶಕ್ತಿಯ ಖರ್ಚು ಇಳಿಯುತ್ತದೆ. ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಸರ್ಜನ್‌ಗಳು ಪೊಟ್ಯಾಸಿಯಂ ತುಂಬಿದ ದ್ರಾವಣ ಹರಿಸಿ ಹೃದಯ ನಿಲ್ಲಿಸುವುದು ಅದನ್ನು ಕಾಪಾಡುವುದಕ್ಕೇ ಅಲ್ವಾ? ಇಲಿಯ ಹೃದಯ ಬೆಚ್ಚಗೇ ಇರುವುದರಿಂದ ಪೂರ್ತಿ ರಕ್ಷಣೆಯೇನೂ ಸಿಗುವುದಿಲ್ಲ. ಆದರೂ ಹಾನಿ ಅಳೆಯಲು ಹೊರಟು, ಹಾನಿ ತಡೆಯುವ ವಸ್ತುವಿನಿಂದಲೇ ಪ್ರಯೋಗ ಶುರು ಮಾಡಿದಂತಾಗುತ್ತದೆ. ‘ಪುಟ್ಟ ಇಲಿಯಲ್ಲಿ ಹೃದಯಕ್ಕೆ ಅಷ್ಟೇನೂ ಪೆಟ್ಟಾಗಲಿಲ್ಲ’ ಎಂಬ ಸಾಲು ಓದಿದಾಗ ನಾನು ಮೊದಲು ನೋಡುವುದು ಹೃದಯ ನಿಲ್ಲಿಸಿದ್ದು ಹೇಗೆ ಎಂಬುದನ್ನು.

ಎರಡನೆಯದು ಉಸಿರು ನಿಲ್ಲಿಸಿ ಹೃದಯ ನಿಲ್ಲಿಸುವುದು. ದೊಡ್ಡ ಇಲಿಗೆ, ಅಂದರೆ ಲ್ಯಾಬ್‌ನವರು ರ‍್ಯಾಟ್ ಅನ್ನುವುದಕ್ಕೆ, ಇದು ಹೆಚ್ಚು ಬಳಕೆಯಲ್ಲಿದೆ. ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧ ಕೊಟ್ಟು, ವೆಂಟಿಲೇಟರ್ ನಿಲ್ಲಿಸುತ್ತಾರೆ. ಮಾನಿಟರ್ ನೋಡುತ್ತಾ ಕೂತರೆ ಆ ಕೆಲವು ನಿಮಿಷಗಳಲ್ಲಿ ಏನಾಗುತ್ತದೆ ಎನ್ನುವುದು ಕಣ್ಣಿಗೆ ಕಟ್ಟುತ್ತದೆ. ಮೊದಲಿಗೆ ದೇಹ ಅಡ್ರಿನಾಲಿನ್ ಸುರಿದು ಹೋರಾಡುತ್ತದೆ, ರಕ್ತದೊತ್ತಡ ಏರಿಳಿಯುತ್ತದೆ. ಆಮೇಲೆ ಬಡಿತ ನಿಧಾನವಾಗುತ್ತದೆ. ಇಸಿಜಿಯಲ್ಲಿ ಬಡಿತ ಇನ್ನೂ ಕಾಣುತ್ತಿರುತ್ತದೆ, ಆದರೆ ಒತ್ತಡದ ಗೆರೆ ನೆಲ ಕಚ್ಚಿರುತ್ತದೆ. ಸುಮಾರು 3ರಿಂದ 4 ನಿಮಿಷದಲ್ಲಿ ರಕ್ತಸಂಚಾರ ನಿಂತೇಹೋಗುತ್ತದೆ. ಹೃದಯ ನಿಲ್ಲುವ ಹೊತ್ತಿಗೆ ರಕ್ತದಲ್ಲಿದ್ದ ಆಮ್ಲಜನಕವೆಲ್ಲ ಮುಗಿದಿರುತ್ತದೆ. ನೀರಲ್ಲಿ ಮುಳುಗಿದವರು, ಗಂಟಲಲ್ಲಿ ಏನೋ ಸಿಕ್ಕಿಕೊಂಡವರು, ಉಸಿರಾಟದ ತೊಂದರೆಯಿಂದ ಹೃದಯ ನಿಂತ ಮಕ್ಕಳು, ಇವರಿಗೆ ಹತ್ತಿರವಾದ ಮಾದರಿ ಇದು.

ಇಲ್ಲಿ ನಿಮಿಷದ ಲೆಕ್ಕವನ್ನು ಹುಷಾರಾಗಿ ಓದಿ. ‘8 ನಿಮಿಷ’ ಅಂತ ಬರೆದಿದ್ದರೆ ಬಹಳ ಸಲ ಅದು ವೆಂಟಿಲೇಟರ್ ನಿಲ್ಲಿಸಿದಾಗಿನಿಂದ ಎಣಿಸಿದ್ದು. ರಕ್ತಸಂಚಾರ ಪೂರ್ತಿ ನಿಂತಿದ್ದು 4-5 ನಿಮಿಷ ಅಷ್ಟೇ. ಪೊಟ್ಯಾಸಿಯಂ ಮಾದರಿಯ 8 ನಿಮಿಷ ಅಂದರೆ ಪೂರ್ತಿ 8 ನಿಮಿಷ. ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದರಲ್ಲಿ ಹಾನಿ ಜಾಸ್ತಿ ಅಂತ ಹೇಳಹೊರಟರೆ ಲೆಕ್ಕ ತಪ್ಪುತ್ತದೆ.

ಮೂರನೆಯದು ವೆಂಟ್ರಿಕ್ಯುಲರ್ ಫಿಬ್ರಿಲೇಶನ್. ವಿದ್ಯುತ್ ಕೊಟ್ಟು ಹೃದಯ ಅಡ್ಡಾದಿಡ್ಡಿ ನಡುಗುವಂತೆ ಮಾಡುವುದು. ದೊಡ್ಡವರಲ್ಲಿ ಹೃದಯದ ಕಾಯಿಲೆಯಿಂದಲೇ ದಿಢೀರನೆ ಆಗುವ ಸ್ತಂಭನಕ್ಕೆ ಇದೇ ಹತ್ತಿರ. ನಡುಗುವ ಹೃದಯ ರಕ್ತ ತಳ್ಳುವುದಿಲ್ಲ, ಆದರೆ ಶಕ್ತಿ ಸುಡುತ್ತಲೇ ಇರುತ್ತದೆ. ಬರುವ ರಕ್ತ ಸೊನ್ನೆ, ಖರ್ಚು ಮಾತ್ರ ನಿಂತಿಲ್ಲ. ರ‍್ಯಾಟ್‌ಗಳಲ್ಲಿ ಫಿಬ್ರಿಲೇಶನ್ ಮತ್ತು ಉಸಿರುಗಟ್ಟಿಸುವ ಮಾದರಿಗಳನ್ನು ಹೋಲಿಸಿದಾಗ, ಮತ್ತೆ ಬಡಿಯತೊಡಗಿದ ಮೇಲೆ ಹೃದಯ ಹೆಚ್ಚು ಕುಂದಿದ್ದು ಫಿಬ್ರಿಲೇಶನ್ ಗುಂಪಿನಲ್ಲಿ. ಹೃದಯದ ಹಾನಿ ನೋಡಬೇಕೆಂದರೆ ನನ್ನ ಮೊದಲ ಆಯ್ಕೆ ಇದು.

ಆದರೆ ಚಿಕ್ಕ ಪ್ರಾಣಿಗಳಲ್ಲಿ ಇದು ಅಷ್ಟು ಸಲೀಸಲ್ಲ. ಫಿಬ್ರಿಲೇಶನ್ ತನ್ನಷ್ಟಕ್ಕೆ ಮುಂದುವರಿಯಲು ಹೃದಯದಲ್ಲಿ ಒಂದಿಷ್ಟು ಸ್ನಾಯುವಿನ ರಾಶಿ ಇರಬೇಕು. ಇಲಿಯ ಹೃದಯ ಪುಟ್ಟದು, ವಿದ್ಯುತ್ ನಿಲ್ಲಿಸಿದರೆ ಎಷ್ಟೋ ಸಲ ತಾನಾಗಿಯೇ ಸರಿಯಾಗಿಬಿಡುತ್ತದೆ. ಅದಕ್ಕೆ ಕೆಲವು ನಿಮಿಷ ವಿದ್ಯುತ್ ಹರಿಸುತ್ತಲೇ ಇರಬೇಕಾಗುತ್ತದೆ. ಆಗ ಕಂಡ ಹಾನಿಯಲ್ಲಿ ರಕ್ತ ನಿಂತದ್ದರ ಪಾಲೆಷ್ಟು, ವಿದ್ಯುತ್ತಿನ ಪಾಲೆಷ್ಟು ಎಂಬ ಪ್ರಶ್ನೆ ಏಳುತ್ತದೆ. ಹಂದಿಯಲ್ಲಿ ಈ ರಗಳೆ ಇಲ್ಲ. ಒಮ್ಮೆ ನಡುಕ ಶುರುವಾದರೆ ಶಾಕ್ ಕೊಡುವ ತನಕ ಹಾಗೇ ಇರುತ್ತದೆ.

ಈಗ ಪ್ರಾಣಿ

ಪುಟ್ಟ ಇಲಿಯ ದೊಡ್ಡ ಬಲ ಅದರ ಜೀನ್‌ಗಳು. ಒಂದು ನಿರ್ದಿಷ್ಟ ಪ್ರೋಟೀನ್ ಇಲ್ಲದ ಇಲಿ, ಒಂದು ಬಗೆಯ ಬಿಳಿ ರಕ್ತಕಣ ಬಣ್ಣದಲ್ಲಿ ಹೊಳೆಯುವ ಇಲಿ, ಹೀಗೆ ಬೇಕಾದ್ದು ಸಿಗುತ್ತದೆ. ಉರಿಯೂತದ ಯಾವ ಕೊಂಡಿ ಕಾರಣ, ಯಾವುದು ಬರೀ ಜೊತೆಗಾರ ಎಂದು ಬಿಡಿಸಲು ಇಷ್ಟು ಅನುಕೂಲ ಬೇರೆಲ್ಲೂ ಇಲ್ಲ. ಆದರೆ 25 ಗ್ರಾಂ ಇಲಿಯ ಮೈಯಲ್ಲಿ ಇರುವುದೇ ಸುಮಾರು 2 ಮಿಲಿಲೀಟರ್ ರಕ್ತ. ಒಂದೇ ಪ್ರಾಣಿಯಿಂದ ಗಂಟೆಗೊಮ್ಮೆ ರಕ್ತ ತೆಗೆದು ನೋಡುವ ಮಾತೇ ಇಲ್ಲ. ಪ್ರತಿ ಸಮಯಕ್ಕೂ ಬೇರೆ ಬೇರೆ ಗುಂಪು ಬೇಕಾಗುತ್ತದೆ. ಹೃದಯ ನಿಮಿಷಕ್ಕೆ 500-600 ಸಲ ಬಡಿಯುತ್ತದೆ. ರಕ್ತದ ಬಿಳಿ ಕಣಗಳಲ್ಲಿ ಲಿಂಫೋಸೈಟ್‌ಗಳೇ ಜಾಸ್ತಿ, ಮನುಷ್ಯರಲ್ಲಿ ನ್ಯೂಟ್ರೋಫಿಲ್‌ಗಳು ಜಾಸ್ತಿ. ವಾರ್ಡ್‌ಗಳಲ್ಲಿ ಉರಿಯೂತದ ಅಳತೆಗೆ ದಿನಾ ಬಳಸುವ ರಕ್ತದ ಪ್ರೋಟೀನ್ ಸಿಆರ್‌ಪಿ ಈ ಇಲಿಯಲ್ಲಿ ಹೇಳಿಕೊಳ್ಳುವಷ್ಟು ಏರುವುದೇ ಇಲ್ಲ. ಇದು ಗೊತ್ತಿಲ್ಲದೆ ಸಿಆರ್‌ಪಿ ಅಳೆದು ‘ಉರಿಯೂತ ಇಲ್ಲ’ ಎಂದು ಬರೆದರೆ ತಪ್ಪು ತೀರ್ಮಾನವಾಗುತ್ತದೆ.

ರ‍್ಯಾಟ್ ಒಳ್ಳೆಯ ನಡುದಾರಿ. 300 ಗ್ರಾಂ ಪ್ರಾಣಿಯಲ್ಲಿ ರಕ್ತ ಹತ್ತಿರ ಹತ್ತಿರ 20 ಮಿಲಿಲೀಟರ್. ರಕ್ತದೊತ್ತಡಕ್ಕೆ ನಳಿಗೆ ಹಾಕಬಹುದು, ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಬಹುದು, ಕೆಲವು ಸಲ ರಕ್ತ ತೆಗೆಯಬಹುದು. ಖರ್ಚು ಹಿಡಿತದಲ್ಲಿರುತ್ತದೆ, ಗುಂಪಿನಲ್ಲಿ ಸಾಕಷ್ಟು ಸಂಖ್ಯೆ ಇರುತ್ತದೆ.

ಮೊಲವನ್ನು ಈ ಕೆಲಸಕ್ಕೆ ಬಳಸುವವರು ಕಮ್ಮಿ. ಆದರೂ ಅದರ ಹೃದಯಸ್ನಾಯುವಿನ ಮುಖ್ಯ ಪ್ರೋಟೀನ್ ಇಲಿಗಿಂತ ಮನುಷ್ಯರದ್ದಕ್ಕೆ ಹತ್ತಿರ, ಸಿಆರ್‌ಪಿ ಕೂಡ ಚೆನ್ನಾಗಿ ಏರುತ್ತದೆ.

ಹಂದಿಯ ಹೃದಯ ಗಾತ್ರದಲ್ಲೂ ರಕ್ತನಾಳಗಳ ಹಂಚಿಕೆಯಲ್ಲೂ ನಮ್ಮದನ್ನು ಹೋಲುತ್ತದೆ. ನಾಯಿಯ ಹೃದಯದಲ್ಲಿ ಒಂದು ನಾಳ ಮುಚ್ಚಿದರೆ ನೆರವಿಗೆ ಬರುವ ಅಡ್ಡನಾಳಗಳು ಬಹಳ. ಹಂದಿಯಲ್ಲಿ ಅವು ತೀರಾ ಕಮ್ಮಿ. ಮನುಷ್ಯರಿಗೆ ಬಳಸುವ ಡಿಫಿಬ್ರಿಲೇಟರ್, ಎದೆ ಒತ್ತುವ ಯಂತ್ರ, ಐಸಿಯು ಮಾನಿಟರ್ ಎಲ್ಲವನ್ನೂ ಹಾಗೇ ಬಳಸಬಹುದು. ಒಂದೇ ಪ್ರಾಣಿಯಿಂದ ಗಂಟೆಗಂಟೆಗೂ ರಕ್ತ ಸಿಗುತ್ತದೆ. ಬೆಲೆ ತೆರಬೇಕಾದ್ದು ಸಂಖ್ಯೆಯಲ್ಲಿ. ಒಂದು ಹಂದಿಯನ್ನು ಮೂರು ದಿನ ನೋಡಿಕೊಳ್ಳಲು ಹಗಲೂ ರಾತ್ರಿ ಒಂದು ತಂಡ ಬೇಕು. ಹಾಗಾಗಿ ಗುಂಪುಗಳು ಚಿಕ್ಕದಾಗುತ್ತವೆ, ಸಣ್ಣ ವ್ಯತ್ಯಾಸಗಳು ಕಣ್ಣಿಗೆ ಬೀಳುವುದಿಲ್ಲ.

ಎಲ್ಲ ಪ್ರಾಣಿಗಳಿಗೂ ಸೇರಿ ಒಂದು ಮಾತು. ಲ್ಯಾಬ್‌ಗೆ ಬರುವವು ಎಳೆಯ, ಆರೋಗ್ಯವಂತ ಪ್ರಾಣಿಗಳು, ಬಹಳ ಸಲ ಗಂಡು ಮಾತ್ರ. ಹೃದಯ ನಿಂತು ಬರುವ ರೋಗಿಗಳಲ್ಲಿ ಬಹಳ ಜನ ವಯಸ್ಸಾದವರು, ರಕ್ತನಾಳ ಕಿರಿದಾದವರು, ಸಕ್ಕರೆ ಕಾಯಿಲೆ ಇರುವವರು.

ಹಾನಿಯನ್ನು ಯಾವುದರಿಂದ ಅಳೆಯಬೇಕು?

ಪಂಪ್ ಕುಂದಿದೆ ಅಂದಾಕ್ಷಣ ಸ್ನಾಯು ಸತ್ತಿದೆ ಎಂದಲ್ಲ. 1996ರಲ್ಲಿ ಕಾರ್ಲ್ ಕರ್ನ್ ಮತ್ತು ಜೊತೆಗಾರರು ಹಂದಿಗಳಲ್ಲಿ 10 ಅಥವಾ 15 ನಿಮಿಷ ಫಿಬ್ರಿಲೇಶನ್ ಮಾಡಿ ನೋಡಿದರು. ಮತ್ತೆ ಬಡಿಯತೊಡಗಿದ ಹೃದಯ ಮೊದಲ ಕೆಲವು ಗಂಟೆ ತೀರಾ ಕುಂದಿತು, 48 ಗಂಟೆಗೆ ಮೊದಲಿನಂತಾಯಿತು. ಜೀವಂತ ಸ್ನಾಯುವೇ ಮರಗಟ್ಟಿದಂತೆ ಕೂತಿತ್ತು. ರೋಗಿಗಳಲ್ಲೂ ಎರಡು ಮೂರು ದಿನದಲ್ಲಿ ಇಂಥ ಚೇತರಿಕೆ ಕಂಡಿದೆ. ಹಾಗಾಗಿ 4 ಗಂಟೆಯ ಎಕೋ ಒಂದನ್ನೇ ಇಟ್ಟುಕೊಂಡು ‘ಹೃದಯದ ಅಂಗಾಂಶ ನಾಶವಾಯಿತು’ ಅನ್ನುವಂತಿಲ್ಲ.

ಟ್ರೋಪೋನಿನ್ ಹೃದಯದ ಸ್ನಾಯುಕೋಶದೊಳಗಿನ ಪ್ರೋಟೀನ್. ರಕ್ತದಲ್ಲಿ ಅದು ಏರಿದರೆ ಕೋಶ ಒಡೆದದ್ದನ್ನು ಹೇಳುತ್ತದೆ. ಯಾಕೆ ಒಡೆಯಿತು ಅಂತ ಹೇಳುವುದಿಲ್ಲ. ಎದೆ ಒತ್ತಿದ್ದಕ್ಕೆ, ಶಾಕ್ ಕೊಟ್ಟಿದ್ದಕ್ಕೆ, ಅಡ್ರಿನಾಲಿನ್ ಸುರಿದದ್ದಕ್ಕೂ ಅದು ಏರುತ್ತದೆ. ಇಲಿಗಳಲ್ಲಿ ಬೇಗ ಏರಿ ಬೇಗ ಇಳಿಯುತ್ತದೆ, ಮೊದಲ ಗಂಟೆಗಳಲ್ಲೇ ರಕ್ತ ತೆಗೆಯಬೇಕು. ಕಿಟ್ ಆ ಪ್ರಾಣಿಗೆ ಪರೀಕ್ಷಿಸಿದ್ದೇ ಎಂದು ನೋಡಿಕೊಳ್ಳಿ.

ಸೂಕ್ಷ್ಮದರ್ಶಕಕ್ಕೆ ಅದರದ್ದೇ ಗತಿ ಇದೆ. ಸಾಮಾನ್ಯ ಎಚ್ ಅಂಡ್ ಇ ಬಣ್ಣದಲ್ಲಿ ಕೋಶ ಸತ್ತದ್ದು ಸ್ಪಷ್ಟವಾಗಲು ಹಲವು ಗಂಟೆ ಬೇಕು. ಬಣ್ಣ ಚೆನ್ನಾಗಿ ಕೂತ ಸ್ಲೈಡಿನಲ್ಲಿ ನಾನು ಹುಡುಕುವುದು ಅಡ್ಡಪಟ್ಟಿಗಳನ್ನು. ಆರೋಗ್ಯವಾದ ಸ್ನಾಯುಕೋಶದಲ್ಲಿ ತೆಳು ಗೆರೆಗಳು ಸಮನಾಗಿ ಸಾಲುಗಟ್ಟಿರುತ್ತವೆ. ಹಾಳಾದ ಕೋಶದಲ್ಲಿ ಅವೆಲ್ಲ ಒಟ್ಟುಗೂಡಿ ದಪ್ಪ ಕಡುಗುಲಾಬಿ ಪಟ್ಟಿಗಳಾಗಿರುತ್ತವೆ, ನಡುವೆ ಖಾಲಿ ಜಾಗ ಬಿಟ್ಟಿರುತ್ತದೆ. ರಕ್ತ ವಾಪಸ್ ಬಂದಾಗ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿ ಸ್ನಾಯು ಬಿಗಿದುಕೊಂಡು ಬಿಡಲಾಗದೆ ಉಳಿದ ಗುರುತು ಅದು. ಅಡ್ರಿನಾಲಿನ್ ಅತಿಯಾದಾಗಲೂ ಹೀಗೇ ಆಗುತ್ತದೆ ಎನ್ನುವುದನ್ನು ಮರೆಯಬಾರದು.

ಟಿಟಿಸಿ ಬಣ್ಣ ಹೃದಯಾಘಾತದ ಮಾದರಿಗೆ ಹೇಳಿಮಾಡಿಸಿದ್ದು, ಸತ್ತ ಭಾಗ ಬೆಳ್ಳಗೆ ಎದ್ದು ಕಾಣುತ್ತದೆ. ಚದುರಿದ ಹಾನಿಗೆ ಅದು ಅಷ್ಟಾಗಿ ಉಪಯೋಗಕ್ಕೆ ಬಾರದು.

ಉರಿಯೂತ: ರಕ್ತದಲ್ಲೋ, ಹೃದಯದಲ್ಲೋ?

ಕ್ರಮ ಹೆಚ್ಚುಕಮ್ಮಿ ಹೀಗಿರುತ್ತದೆ. ನಿಮಿಷಗಳಲ್ಲಿ ರಕ್ತನಾಳದ ಒಳಪದರ ಕೆರಳುತ್ತದೆ, ಕಾಂಪ್ಲಿಮೆಂಟ್ ಎಂಬ ರಕ್ತದ ರಕ್ಷಣಾ ಪ್ರೋಟೀನ್‌ಗಳ ಗುಂಪು ಜಾಗೃತವಾಗುತ್ತದೆ. ಮೊದಲ ಗಂಟೆಗಳಲ್ಲಿ ಉರಿಯೂತದ ಸಂದೇಶ ಒಯ್ಯುವ ಟಿಎನ್ಎಫ್, ಐಎಲ್-6, ಐಎಲ್-1 ಎಂಬ ಪ್ರೋಟೀನ್‌ಗಳು ಏರುತ್ತವೆ. ಮೊದಲ ದಿನ ನ್ಯೂಟ್ರೋಫಿಲ್‌ಗಳು ಅಂಗಾಂಶಕ್ಕೆ ನುಗ್ಗುತ್ತವೆ. ಆಮೇಲೆ ಮ್ಯಾಕ್ರೋಫೇಜ್‌ಗಳ ಸರದಿ, ಅವು ಕಸ ಎತ್ತುತ್ತವೆ, ರಿಪೇರಿಯನ್ನೂ ಶುರು ಮಾಡುತ್ತವೆ. ಒಂದೇ ಸಮಯ ಆರಿಸಲು ಸಾಧ್ಯವಿದ್ದರೆ 24 ಗಂಟೆ ಇಟ್ಟುಕೊಳ್ಳಿ. ಎರಡು ಸಾಧ್ಯವಿದ್ದರೆ 4-6 ಗಂಟೆಯ ಗುಂಪೊಂದನ್ನು ಸೇರಿಸಿ. ದಿನ 3 ಸೇರಿದರೆ ಇನ್ನೂ ಒಳ್ಳೆಯದು.

ರಕ್ತದಲ್ಲಿ ಐಎಲ್-6 ಏರಿದೆ ಎಂದರೆ ಹೃದಯದಲ್ಲಿ ಉರಿಯೂತ ಇದೆ ಎಂದಲ್ಲ. ಅದು ಕರುಳಿನಿಂದಲೋ ಲಿವರ್‌ನಿಂದಲೋ ಬಂದಿರಬಹುದು. ಹೃದಯದ ತುಂಡಿನಲ್ಲೇ ಅಳೆಯಬೇಕು. ಅಳೆಯುವ ಮುಂಚೆ ಹೃದಯದ ನಾಳಗಳಲ್ಲಿ ಉಳಿದ ರಕ್ತವನ್ನು ಲವಣದ ದ್ರಾವಣ ಹರಿಸಿ ತೊಳೆಯಬೇಕು. ಇಲ್ಲದಿದ್ದರೆ ನಾಳದೊಳಗೆ ಸುಮ್ನೆ ಹರಿದು ಹೋಗುತ್ತಿದ್ದ ನ್ಯೂಟ್ರೋಫಿಲ್‌ಗಳೂ ಅಂಗಾಂಶಕ್ಕೆ ನುಗ್ಗಿದವುಗಳ ಲೆಕ್ಕಕ್ಕೆ ಸೇರಿಬಿಡುತ್ತವೆ. ನ್ಯೂಟ್ರೋಫಿಲ್‌ಗಳಲ್ಲಿರುವ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವದ ಅಳತೆ ಮೋಸ ಮಾಡುವುದು ಹೆಚ್ಚಾಗಿ ಇಲ್ಲೇ. ಅದರ ಜೊತೆಗೆ ಸ್ಲೈಡಿನ ಮೇಲೆ ಕೋಶ ಎಲ್ಲಿದೆ ಎಂದು ಕಣ್ಣಾರೆ ನೋಡುವ ಪರೀಕ್ಷೆ ಇರಲಿ.

ಮನುಷ್ಯರಲ್ಲಿ ಈ ಸಂಬಂಧ ಇದೆಯೇ? 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಡೆನ್ಮಾರ್ಕ್‌ನಲ್ಲಿ ಹೃದಯ ಸ್ತಂಭನದಿಂದ ಪ್ರಜ್ಞೆ ತಪ್ಪಿದ 80 ರೋಗಿಗಳಲ್ಲಿ ಐಎಲ್-6 ತಡೆಯುವ ಟೊಸಿಲಿಜುಮಾಬ್ ಪರೀಕ್ಷಿಸಿದರು. ಸಿಆರ್‌ಪಿ ತೀವ್ರವಾಗಿ ಇಳಿಯಿತು, ಹೃದಯದ ಹಾನಿಯ ಗುರುತುಗಳೂ ಇಳಿದವು. ಬದುಕುಳಿದವರ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಅಷ್ಟು ಚಿಕ್ಕ ಪರೀಕ್ಷೆಯಲ್ಲಿ ಕಾಣಲೂ ಸಾಧ್ಯವಿರಲಿಲ್ಲ. ಆದರೂ ಉರಿಯೂತಕ್ಕೂ ಹೃದಯದ ಪೆಟ್ಟಿಗೂ ನಂಟಿದೆ ಎಂದು ನಂಬಿ ಕೆಲಸ ಮಾಡುವವರಿಗೆ ಇದು ಗಟ್ಟಿ ಆಧಾರ.

ಮರೆತರೆ ಎಲ್ಲ ಕೆಡುವ ಮೂರು ವಿಷಯ

ಮೈಯ ಶಾಖ. ರಕ್ತಸಂಚಾರ ನಿಂತ ಪುಟ್ಟ ಇಲಿ ಬೇಗ ತಣ್ಣಗಾಗುತ್ತದೆ, ತಣ್ಣಗಾದರೆ ಹಾನಿಯೂ ಉರಿಯೂತವೂ ಕಮ್ಮಿಯಾಗುತ್ತದೆ. ಪರೀಕ್ಷಿಸುತ್ತಿರುವ ಔಷಧವೇ ಶಾಖ ಇಳಿಸುತ್ತಿದ್ದರೆ ಯಶಸ್ಸು ಔಷಧದ್ದೋ ತಂಪಿನದ್ದೋ ಗೊತ್ತಾಗುವುದಿಲ್ಲ. ಹೃದಯ ಮತ್ತೆ ಬಡಿಯತೊಡಗಿದ ಮೇಲೂ ಗಂಟೆಗಟ್ಟಲೆ ಶಾಖ ದಾಖಲಿಸಬೇಕು.

ಅರಿವಳಿಕೆ. ಐಸೋಫ್ಲುರೇನ್, ಸೆವೋಫ್ಲುರೇನ್ ತಾವೇ ಹೃದಯವನ್ನು ಒಂದಿಷ್ಟು ಕಾಪಾಡುತ್ತವೆ. ಎಲ್ಲ ಗುಂಪಿಗೂ ಒಂದೇ ಔಷಧ, ಒಂದೇ ಪ್ರಮಾಣ, ಒಂದೇ ಹೊತ್ತು.

ಹೋಲಿಕೆಯ ಗುಂಪು. ಏನೂ ಮಾಡದ ಪ್ರಾಣಿ ಸಾಲದು. ಅರಿವಳಿಕೆ, ನಳಿಗೆ, ಶಸ್ತ್ರಕ್ರಿಯೆ ಎಲ್ಲ ಆಗಿ ಹೃದಯ ಮಾತ್ರ ನಿಲ್ಲದ ಗುಂಪು ಬೇಕೇ ಬೇಕು. ನಳಿಗೆ ಹಾಕಲು ಚರ್ಮ ಕೊಯ್ದದ್ದಕ್ಕೇ ಐಎಲ್-6 ಏರುತ್ತದೆ.

ಹಾಗಾದರೆ ಯಾವುದು?

ಒಂದು ಜೀನ್ ಅಥವಾ ಒಂದು ಬಗೆಯ ಕೋಶದ ಪಾತ್ರ ತಿಳಿಯಬೇಕಿದ್ದರೆ ಪುಟ್ಟ ಇಲಿ, ಪೊಟ್ಯಾಸಿಯಂ. ಹೃದಯದ ಹಾನಿ ಅಲ್ಲಿ ಕಮ್ಮಿ ಕಾಣಬಹುದು ಎಂಬುದನ್ನು ಲೇಖನದಲ್ಲೇ ಹೇಳಿಬಿಡಿ. ಹೊಸ ಔಷಧವೊಂದಕ್ಕೆ ಸತ್ವ ಇದೆಯೇ, ಯಾವ ಪ್ರಮಾಣ, ಯಾವ ಹೊತ್ತು ಅಂತ ಮೊದಲ ಜರಡಿ ಹಿಡಿಯಲು ರ‍್ಯಾಟ್, ಉಸಿರುಗಟ್ಟಿಸುವ ಮಾದರಿ. ಹೊಸದಾಗಿ ಈ ಕೆಲಸ ಶುರು ಮಾಡುವ ತಂಡಕ್ಕೂ ನಾನು ಹೇಳುವುದು ಇದನ್ನೇ. ಅಲ್ಲಿ ಗೆದ್ದದ್ದನ್ನು ರೋಗಿಗಳ ಹತ್ತಿರ ಒಯ್ಯುವ ಮುಂಚೆ ಹಂದಿಯಲ್ಲಿ ಫಿಬ್ರಿಲೇಶನ್ ಮಾಡಿ, ಕನಿಷ್ಠ 48 ಗಂಟೆ ನೋಡಿ, ಮತ್ತೆ ಪರೀಕ್ಷಿಸಲೇಬೇಕು. ಒಂದೇ ಮಾದರಿಯಲ್ಲಿ ಗೆದ್ದ ಔಷಧದ ಮೇಲೆ ನನಗೆ ಭರವಸೆ ಕಮ್ಮಿ. ಹೃದಯ ನಿಲ್ಲಿಸುವ ವಿಧಾನ ಬದಲಾದರೂ ಪ್ರಾಣಿ ಬದಲಾದರೂ ಫಲ ಕೊಡುವ ಔಷಧಕ್ಕೆ ಮಾತ್ರ ಮುಂದಿನ ದಾರಿ ತೆರೆಯಬೇಕು.

ಈ ಪ್ರಾಣಿಗಳ ಜೀವ ನಮ್ಮ ಕೈಯಲ್ಲಿದೆ. ಸಾಧ್ಯವಾದಲ್ಲಿ ಪ್ರಾಣಿ ಬೇಡ, ಬೇಕಾದರೆ ಆದಷ್ಟು ಕಮ್ಮಿ, ಬಳಸಿದರೆ ಆದಷ್ಟು ನೋವಿಲ್ಲದಂತೆ ಎಂದು 1959ರಲ್ಲೇ ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ ಹೇಳಿಕೊಟ್ಟಿದ್ದಾರೆ. ತಪ್ಪು ಮಾದರಿ ಆರಿಸಿದರೆ ಆ ಅಷ್ಟೂ ಜೀವ ವ್ಯರ್ಥ. ವರದಿ ಬರೆಯುವಾಗ ಲ್ಯಾಬ್ ಪ್ರಯೋಗಗಳಿಗೆಂದೇ 1996ರಲ್ಲಿ ಬಂದ ಉಟ್‌ಸ್ಟೈನ್ ಸೂಚನೆಗಳನ್ನೂ ಪ್ರಾಣಿ ಪ್ರಯೋಗಗಳ ವರದಿಗೆಂದಿರುವ 2020ರ ಅರೈವ್ ಸೂಚನೆಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಹೃದಯ ಮತ್ತೆ ಬಡಿಯದೆ ಸತ್ತ ಪ್ರಾಣಿಗಳು ಎಷ್ಟು, ಬಡಿದ ಮೇಲೆ 24 ಗಂಟೆಯೊಳಗೆ ಸತ್ತವು ಎಷ್ಟು ಎಂದು ಪ್ರತಿ ಗುಂಪಿಗೂ ಬರೆಯಿರಿ. 24 ಗಂಟೆಗೆ ಸಿಕ್ಕ ಹೃದಯಗಳು ಬದುಕಿದವುಗಳದ್ದು ಮಾತ್ರ. ಅತಿ ಹೆಚ್ಚು ಹಾನಿಯಾದವು ಅದಕ್ಕೂ ಮುಂಚೆ ಸತ್ತು ಲೆಕ್ಕದಿಂದ ಜಾರಿಹೋಗಿರುತ್ತವೆ. ಔಷಧ ಕೊಟ್ಟ ಗುಂಪಿನಲ್ಲಿ ಜಾಸ್ತಿ ಪ್ರಾಣಿ ಬದುಕಿದ್ದರೆ, ದುರ್ಬಲ ಹೃದಯಗಳೂ ಆ ಗುಂಪಿನಲ್ಲಿ ಉಳಿದು, ಅದರ ಸರಾಸರಿ ಉರಿಯೂತವೇ ಹೆಚ್ಚು ಅಂತ ಕಾಣಲೂಬಹುದು. ಹಾಗಾಗಿ ಸತ್ತವುಗಳ ಹೃದಯವನ್ನೂ ತೆಗೆದಿಟ್ಟುಕೊಳ್ಳಿ, ಸತ್ತ ಹೊತ್ತು ಬರೆದಿಡಿ, ಅಳತೆಯ ಪಟ್ಟಿಯಲ್ಲಿ ಅವುಗಳಿಗೊಂದು ಪ್ರತ್ಯೇಕ ಸಾಲು ಕೊಡಿ.